ಉಳಿದ ಹಣ ಯಾರ ಖಾತೆಯದು?

ಮನೆಗೆ ಹೊಸ ವಸ್ತುವೊಂದು ಬಂದಾಗ ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ 'ಎಷ್ಟಕ್ಕೆ ಬಂತು?' ಎಂಬುದು. ಕಡಿಮೆ ಬೆಲೆಗೆ ಬಂದಿತೆಂದರೆ ಕೊಂಡವರಿಗೆ ಹೆಮ್ಮೆ, ಕೇಳಿದವರಿಗೆ ಮೆಚ್ಚುಗೆ. ಹಾಗೆ ಕಡಿಮೆಯಾದ ಹಣದ ಭಾರವನ್ನು ನಿಜವಾಗಿ ಹೊತ್ತವರು ಯಾರು ಎಂಬ ಎರಡನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಹುಬ್ಬಳ್ಳಿಯ ಹಳೆಯ ಪೇಟೆಯಲ್ಲಿರುವ ಒಂದು ಜೈನ ಕುಟುಂಬದಲ್ಲಿ 2020ರ ಮಳೆಗಾಲದಲ್ಲಿ ಸಿದ್ಧವಾದ ಒಂದು ಕಂಪ್ಯೂಟರ್ ಮೇಜು ಈ ಎರಡನೆಯ ಪ್ರಶ್ನೆಯನ್ನು ಆ ಮನೆಯ ಹಿರಿಯರ ಮುಂದೆ ಮೂರು ಬಾರಿ ಇಟ್ಟಿತು.

ಹಿರಿಯರು ಕಿರಾಣಿ ವ್ಯಾಪಾರಸ್ಥರು. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದಿದ್ದರೂ ತಂದೆಯವರಿಂದ ಬಂದ ಅಂಗಡಿಯನ್ನು ಬಿಡದೆ, ನಾಲ್ಕು ದಶಕಗಳ ಕಾಲ ಕೀರ್ದಿ ಮತ್ತು ಖಾತೆ ಪುಸ್ತಕಗಳನ್ನು ಸ್ವಹಸ್ತದಿಂದ ಬರೆದವರು. ಒಂದು ರೂಪಾಯಿ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ಗಾದಿಯಿಂದ ಏಳುತ್ತಿರಲಿಲ್ಲವೆಂದು ಅವರಿಗೆ ಹೆಸರಿತ್ತು. ಅವರ ಸೊಸೆ ಊರಿನ ಒಂದು ಸಂಸ್ಥೆಯಲ್ಲಿ ಕಂಪ್ಯೂಟರಿನ ಮೇಲೆ ಲೆಕ್ಕಪತ್ರಗಳ ಕೆಲಸ ಮಾಡುತ್ತಿದ್ದರು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಆ ಕೆಲಸವೂ ಮನೆಯ ಪಡಸಾಲೆಗೆ ಬಂದಿತು.

ಪಡಸಾಲೆಯ ಮೂಲೆಯಲ್ಲಿ ಹಿರಿಯರ ತಂದೆಯವರ ಕಾಲದ ಇಳಿಜಾರು ಮೇಜೊಂದಿತ್ತು. ಗಾದಿಯ ಮೇಲೆ ಪದ್ಮಾಸನ ಹಾಕಿ ಕುಳಿತು ಲೆಕ್ಕ ಬರೆಯುವುದಕ್ಕೆಂದು ಮಾಡಿಸಿದ್ದು; ನೆಲದಿಂದ ಒಂದಡಿ ಎತ್ತರ. 'ಇದರ ಮುಂದ ಕುಂತ ನಲವತ್ತ ವರ್ಷ ಬರದೇವಿ. ನಿನಗೂ ನಡೀತೈತಿ ತಗೋ ತಂಗಿ' ಎಂದು ಹಿರಿಯರು ಅದನ್ನೇ ಸೊಸೆಗೆ ಕೊಟ್ಟರು. ಸೊಸೆ ಮರುಮಾತಾಡಲಿಲ್ಲ. ಹೊಸದೇನನ್ನೂ ಕೊಳ್ಳದೆ ಕೆಲಸ ಸಾಗಿತೆಂಬ ಸಮಾಧಾನ ಹಿರಿಯರಿಗಾಯಿತು.

ಜೂನ್ ತಿಂಗಳ ಒಂದು ಸಂಜೆ ಅವರ ಪತ್ನಿ ಹೇಳಿದ ಮಾತು ಆ ಸಮಾಧಾನವನ್ನು ಕದಡಿತು. 'ದಿನಾ ರಾತ್ರಿ ಅಕೀ ಕುತ್ತಿಗಿಗೆ ಎಣ್ಣಿ ಹಚ್ಚಿ ತಿಕ್ಕಾತೇನಿ. ಬೆರಳಿಗೆ ಜೋಮು ಹಿಡೀತೈತಿ ಅಂತಾಳ. ನಿಮಗ ಗೊತ್ತೈತೇನ್ರಿ?' ಹಿರಿಯರಿಗೆ ಗೊತ್ತಿರಲಿಲ್ಲ. ಕೀರ್ದಿ ಬರೆಯುವವನು ಕಾಲುಗಂಟೆ ತಲೆ ಬಗ್ಗಿಸಿದರೆ ಮತ್ತೆ ಎದ್ದು ತೂಕ ಮಾಡುತ್ತಾನೆ, ಗಿರಾಕಿಯ ಮುಖ ನೋಡುತ್ತಾನೆ. ಒಂಬತ್ತು ಗಂಟೆ ಪರದೆಯನ್ನೇ ನೋಡಬೇಕಾದವರ ಕುತ್ತಿಗೆಗೆ ಆ ವಿರಾಮವಿಲ್ಲ. ಮೂರು ತಿಂಗಳು ಮೇಜಿನ ಖರ್ಚು ಉಳಿಯಿತೆಂದು ಅವರು ತಿಳಿದಿದ್ದರು. ಉಳಿದಿರಲಿಲ್ಲ, ಅದು ಸೊಸೆಯ ಕುತ್ತಿಗೆಯ ಖಾತೆಗೆ ಖರ್ಚಾಗಿತ್ತು. ಇದು ಮೊದಲನೆಯ ಬಾರಿ.

ಮರುದಿನವೇ ಅವರು ಪೇಟೆಯಲ್ಲಿ ವಿಚಾರಿಸಿದರು. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಸಿದ್ಧ ಮೇಜಿಗೆ 8,500 ರೂಪಾಯಿ. ಪ್ಲೈವುಡ್ಡಿನಲ್ಲಿ ಹೊಸದಾಗಿ ಮಾಡಿಸಿದರೆ ಅದಕ್ಕಿಂತ ಹೆಚ್ಚು. ಆ ತಿಂಗಳುಗಳಲ್ಲಿ ಅಂಗಡಿಯ ವಹಿವಾಟು ಅರ್ಧಕ್ಕಿಳಿದಿತ್ತು, ಮೊಮ್ಮಗನ ಶಾಲೆಯ ಶುಲ್ಕ ಕಟ್ಟಬೇಕಾಗಿತ್ತು. ಎಷ್ಟು ಕೂಡಿ ಕಳೆದರೂ 3,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಆಗ ಅಟ್ಟದ ಮೇಲಿದ್ದ ಹಲಗೆಗಳು ನೆನಪಾದವು.

ಹಿಂದೆ ಪೇಟೆಯ ಅಂಗಡಿಗಳಿಗೆ ಕಬ್ಬಿಣದ ಶಟರ್ ಇರಲಿಲ್ಲವೆಂಬುದು ಹಿರಿಯ ಓದುಗರಿಗೆ ತಿಳಿದದ್ದೇ. ಉದ್ದುದ್ದನೆಯ ಹಲಗೆಗಳನ್ನು ಮೇಲೆ ಕೆಳಗೆ ಕೊರೆದ ಗಾಡಿಯಲ್ಲಿ ಒಂದೊಂದಾಗಿ ನಿಲ್ಲಿಸಿ, ಕೊನೆಗೆ ಅಡ್ಡಪಟ್ಟಿ ಹಾಕಿ ಬೀಗ ಹಾಕುತ್ತಿದ್ದರು. ಕ್ರಮ ತಪ್ಪಿದರೆ ಕೂಡುತ್ತಿರಲಿಲ್ಲವಾದ್ದರಿಂದ ಪ್ರತಿ ಹಲಗೆಗೂ ಅಂಕಿ ಕೊರೆದಿರುತ್ತಿದ್ದರು. ಈ ಅಂಗಡಿಗೆ ಶಟರ್ ಬಂದ ಮೇಲೆ ಒಂದರಿಂದ ಒಂಬತ್ತರವರೆಗಿನ ತೇಗದ ಹಲಗೆಗಳು ಅಟ್ಟ ಸೇರಿದ್ದವು. ಒಂದೊಂದೂ ಏಳಡಿ ಉದ್ದ, ಒಂಬತ್ತಿಂಚು ಅಗಲ, ಒಂದೂಕಾಲು ಇಂಚು ದಪ್ಪ. ಇಷ್ಟು ಹಣ್ಣಾದ ತೇಗವನ್ನು ಇಂದು ಹಣ ಕೊಟ್ಟು ತರುವುದು ಸುಲಭವಲ್ಲ.

ಮೇಜು ಮಾಡುವುದಕ್ಕೆ ಮೊದಲು ಅದರಲ್ಲಿ ಕೂಡುವವರನ್ನು ಅಳೆಯಬೇಕು. ಪೇಟೆಯ ಮೇಜುಗಳು ಸಾಮಾನ್ಯವಾಗಿ 29ರಿಂದ 30 ಇಂಚು ಎತ್ತರವಿರುತ್ತವೆ; ಐದಡಿಯ ಹೆಣ್ಣುಮಗಳಿಗೆ ಅದು ಎತ್ತರವೇ ಸರಿ, ಭುಜ ಎತ್ತಿಯೇ ಬೆರಳಚ್ಚು ಮಾಡಬೇಕಾಗುತ್ತದೆ. ಸೊಸೆಯನ್ನು ಮನೆಯ ಕುರ್ಚಿಯ ಮೇಲೆ ನೆಟ್ಟಗೆ ಕೂಡಿಸಿ, ಭುಜ ಸಡಿಲ ಬಿಟ್ಟು ಮೊಣಕೈಯನ್ನು ಲಂಬಕೋನಕ್ಕೆ ಮಡಿಚುವಂತೆ ಹೇಳಿ, ನೆಲದಿಂದ ಮೊಣಕೈವರೆಗೆ ಅಳೆದಾಗ 26½ ಇಂಚು ಬಂದಿತು. ಮೇಜಿನ ಎತ್ತರ ಅದೇ ಎಂದು ನಿಶ್ಚಯವಾಯಿತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಬೇಕು, ಪರದೆ ಒಂದು ತೋಳಿನಷ್ಟು ದೂರವಿರಬೇಕು, ಪಾದಗಳು ನೆಲದ ಮೇಲೆ ಪೂರ್ಣವಾಗಿ ಊರಿರಬೇಕು. ಈ ನಾಲ್ಕು ಅಳತೆಗಳಿಗೆ ಖರ್ಚಾದ ಹಣ ಏನೂ ಇಲ್ಲ. ಮೇಜಿನ ಅರ್ಧ ಬೆಲೆ ಇರುವುದು ಅವುಗಳಲ್ಲಿಯೇ.

ಹಲಗೆಗಳನ್ನು ಅಟ್ಟದಿಂದ ಇಳಿಸಿ ನೋಡಿದಾಗ ಮೊದಲನೆಯ ಅಂಕಿಯ ಹಲಗೆಗೆ ಕುಟ್ಟೆ ಹಿಡಿದಿರುವುದು ಕಂಡಿತು. ಕೆಳಗೆ ಹೊಸ ಪುಡಿ ಉದುರುತ್ತಿತ್ತು. ವಿಷ ಸುರಿದು ಅದನ್ನು ಬಳಸುವ ಬದಲು, ಹಲಗೆಯನ್ನೇ ಹಿತ್ತಲಿನ ಛಾವಣಿಯ ಕೆಳಗೆ ಬೇರೆ ಇರಿಸಿದರು. ಉಳಿದವುಗಳಲ್ಲಿ ನಾಲ್ಕನ್ನು ಆರಿಸಿ, ಅಜ್ಜ ಮೊಮ್ಮಗ ಕೂಡಿ ಎರಡು ದಿನ ಹಳೆಯ ಮೊಳೆಗಳನ್ನು ಕಿತ್ತರು. ಮರದೊಳಗೆ ಮುರಿದು ಉಳಿದ ಮೊಳೆ ಕಣ್ಣಿಗೆ ಕಾಣುವುದಿಲ್ಲ. ಬಡಗಿಯ ಉಜ್ಜುಗೊರಡಿನ ಬಾಯಿ ಮುರಿಯುವುದು ಅದರಿಂದಲೇ. ಮೊಮ್ಮಗನು ಕೆಟ್ಟ ರೇಡಿಯೋದ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ಹಲಗೆಯ ಮೇಲೆ ಎಳೆಯುತ್ತ, ಅದು ಕಚ್ಚಿದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದನು. ಹೀಗೆ ಹದಿನಾರು ಮೊಳೆ ಸಿಕ್ಕವು.

ಕೊಯ್ದು ಕೂಡಿಸುವ ಕೆಲಸ ಮನೆಯವರ ಕೈಗೆ ಮೀರಿದ್ದು. ಪರಿಚಯದ ಬಡಗಿಯೊಬ್ಬನನ್ನು ಕರೆಸಿದಾಗ ಅವನು ಹಲಗೆಗಳನ್ನು ತಟ್ಟಿ ನೋಡಿ, ಎರಡು ದಿನದ ಕೆಲಸವೆಂದನು. ಕೂಲಿ ಕೇಳಿದ್ದಕ್ಕೆ, 'ಸಾವ್ಕಾರ್ರ, ದಿನಕ್ಕ ನಾನೂರು ಕೊಡ್ರಿ ಸಾಕು. ಮೂರ ತಿಂಗಳಾತು, ಕೈಯಾಗ ಕೆಲಸಿಲ್ಲ' ಎಂದನು. ಮಾರ್ಚ್‌ಗೆ ಮೊದಲು ಅವನ ಕೂಲಿ ದಿನಕ್ಕೆ 800 ರೂಪಾಯಿ ಇದ್ದುದು ಹಿರಿಯರಿಗೆ ಗೊತ್ತಿತ್ತು. ಕೇಳಿದ್ದು ಅವನೇ, ಒಪ್ಪಿದ್ದರಲ್ಲಿ ತಪ್ಪೇನೆಂದು ಅವರು ಒಪ್ಪಿಕೊಂಡರು. ಉಳಿದ 800 ರೂಪಾಯಿಯಲ್ಲಿ ಮೇಜಿಗೊಂದು ಬೀಗದ ಖಾನೆಯನ್ನೂ ಮಾಡಿಸಬಹುದೆಂದು ಲೆಕ್ಕ ಹಾಕಿದರು.

ಆ ರಾತ್ರಿ ಮೇಜಿನ ಲೆಕ್ಕ ಬರೆಯಲು ಕುಳಿತಾಗ ಕೈ ನಿಂತಿತು. ಜೋಡಿ ನಮೂದಿನ ಪದ್ಧತಿಯಲ್ಲಿ ಲೆಕ್ಕ ಬರೆಯುವವರಿಗೆಲ್ಲ ತಿಳಿದಿರುವ ನಿಯಮವೊಂದಿದೆ: ಒಂದು ಖಾತೆಗೆ ಜಮೆಯಾದದ್ದು ಇನ್ನೊಂದು ಖಾತೆಗೆ ಖರ್ಚಾಗಿಯೇ ಇರಬೇಕು. ಎಲ್ಲಿಂದಲೂ ಬಾರದ ಹಣವೆಂಬುದು ಲೆಕ್ಕದಲ್ಲಿಲ್ಲ. ಹಾಗಾದರೆ 800 ರೂಪಾಯಿ ಉಳಿತಾಯವೆಂದು ಬರೆದರೆ ಅದರ ಎದುರು ಯಾರ ಹೆಸರು ಬರೆಯುವುದು? ಬಡಗಿ ಕೆಲಸದಲ್ಲಿ ಅರ್ಧ ಕಡಿಮೆ ಮಾಡುವವನಲ್ಲ, ಹಲಗೆಯೂ ಅರ್ಧ ಮೃದುವಾಗುವುದಿಲ್ಲ. ಆ ಹಣ ಅವನ ಮನೆಯ ಒಲೆಯಿಂದ ಬರಬೇಕಾಗಿತ್ತು. ಕೊಡುವವನು ತಾನಾಗಿಯೇ ಕೊಟ್ಟನೆಂಬುದು ನಿಜ. ಆದರೆ ಹಸಿವಿನಿಂದ ಕೊಟ್ಟ ರಿಯಾಯಿತಿಯನ್ನು ದಾನವೆಂದು ಯಾವ ಲೆಕ್ಕಿಗನೂ ಬರೆಯಲಾರನು. ಇದು ಎರಡನೆಯ ಬಾರಿ.

ಬೆಳಿಗ್ಗೆ ಬಡಗಿ ಬಂದೊಡನೆ ಹಿರಿಯರು ಪೂರ್ಣ ಕೂಲಿಯನ್ನು ಹೇಳಿದರು. 'ಮಾತಾಗೈತಲ್ರಿ ಸಾವ್ಕಾರ್ರ' ಎಂದು ಅವನು ಅಚ್ಚರಿಪಟ್ಟನು. 'ಮಾತ ಆಗಿದ್ದು ನನ್ನ ಅನುಕೂಲಕ್ಕಪ್ಪ. ಹಂಗ ಬರದ್ರ ಲೆಕ್ಕಾ ಕೂಡಂಗಿಲ್ಲ' ಎಂದು ಹಿರಿಯರು ಹೇಳಿದರು. ಖಾನೆಯ ಆಸೆ ಅಲ್ಲಿಗೆ ಮುಗಿಯಿತು.

ಬಡಗಿಯ ಕೈ ಚೆನ್ನಾಗಿತ್ತು. ಮೂರು ಹಲಗೆಗಳಿಂದ ನಾಲ್ಕೂವರೆ ಅಡಿ ಉದ್ದದ ತುಂಡುಗಳನ್ನು ಕೊಯ್ದು, ಅಂಚುಗಳನ್ನು ಬೆಳಕು ನುಸುಳದಂತೆ ಉಜ್ಜಿ, ಅಂಟು ಸವರಿ, ಎರಡೂ ಬದಿಗೆ ಬೆಣೆ ಹೊಡೆದು ಒಂದು ರಾತ್ರಿ ಬಿಟ್ಟನು. ಇಂಚು ದಪ್ಪ, ಸುಮಾರು ಎರಡಡಿ ಅಗಲದ ಮೇಲ್ಭಾಗ ಸಿದ್ಧವಾಯಿತು. ಹಿಂದೆ ಬಡಗಿಗಳು ಬಳಸುತ್ತಿದ್ದ ಮರವಜ್ರವು ಪ್ರಾಣಿಗಳ ಚರ್ಮ ಮೂಳೆಗಳನ್ನು ಕುದಿಸಿ ತೆಗೆದದ್ದು. 1959ರಲ್ಲಿ ಫೆವಿಕಾಲ್ ಮಾರುಕಟ್ಟೆಗೆ ಬಂದ ಮೇಲೆ ರಾಸಾಯನಿಕ ಅಂಟು ಕ್ರಮೇಣ ಅದರ ಸ್ಥಾನವನ್ನು ಆಕ್ರಮಿಸಿತು. ಆದ್ದರಿಂದ ಅಂಟಿನ ವಿಷಯದಲ್ಲಿ ಚಿಂತಿಸಬೇಕಾಗಲಿಲ್ಲ.

ಉಳಿದ ಎರಡೂವರೆ ಅಡಿಯ ಮೂರು ತುಂಡುಗಳು ಮತ್ತು ನಾಲ್ಕನೆಯ ಹಲಗೆಯ ಒಂದು ತುಂಡು ಸೇರಿ ಎರಡು ಬದಿಯ ಕಾಲುಗಳಾದವು. ನಾಲ್ಕನೆಯ ಹಲಗೆಯ ಉಳಿದ ಭಾಗದಲ್ಲಿ ನಾಲ್ಕಡಿಯ ತುಂಡು ಹಿಂಬದಿಗೆ ಅಡ್ಡಪಟ್ಟಿಯಾಯಿತು. ಮೇಜು ಅಲುಗಾಡದಂತೆ ಹಿಡಿಯುವುದು ಅದೇ. ಕೊನೆಗೆ ಉಳಿದ ಹತ್ತೂವರೆ ಇಂಚಿನ ತುಂಡಿಗೆ ಕಾಲಿನ ಕೊಯ್ತದಲ್ಲಿ ಉಳಿದ ಎರಡು ಚೂರುಗಳನ್ನು ಜೋಡಿಸಿದಾಗ ಲ್ಯಾಪ್‌ಟಾಪನ್ನು ಐದೂವರೆ ಇಂಚು ಎತ್ತುವ ಪೀಠವಾಯಿತು. ಅದರ ಮುಂದೆ ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಕೀಲಿಮಣೆಯನ್ನು ಇಟ್ಟರೆ ಕಣ್ಣಿನ ಅಳತೆ, ಕೈಯ ಅಳತೆ ಎರಡೂ ಕೂಡಿದವು. ಪಾದದ ಕೆಳಗೆ ಊಟದ ಮಣೆ.

ಮರವು ಮಳೆಗಾಲದಲ್ಲಿ ತೇವ ಹೀರಿ ಅಗಲವಾಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಈ ವ್ಯತ್ಯಾಸ ಕಾಣದಷ್ಟು ಕಡಿಮೆ, ಅಗಲದಲ್ಲಿಯೇ ಹೆಚ್ಚು. ಆದುದರಿಂದ ಮೇಲ್ಭಾಗದ ಕೆಳಗೆ ಹಾಕುವ ಪಟ್ಟಿಗಳಲ್ಲಿ ಸ್ಕ್ರೂ ಕೂಡುವ ರಂಧ್ರವನ್ನು ದುಂಡಗೆ ಕೊರೆಯದೆ ಉದ್ದವಾಗಿ ಕೊರೆಯಬೇಕು, ಅಲ್ಲಿ ಅಂಟು ಹಾಕಬಾರದು. ಬಡಗಿ ಹೀಗೆ ಎರಡು ಪಟ್ಟಿಗಳನ್ನು ಬಿಗಿದು, ಮೂರನೆಯದನ್ನು ಬಿಗಿಯುವ ರೀತಿಯನ್ನು ಹೇಳಿ ಹೋದನು. ಹಿರಿಯರು ಅವಸರದಲ್ಲಿ ಮೂರನೆಯದಕ್ಕೆ ದುಂಡು ರಂಧ್ರವನ್ನೇ ಕೊರೆದು ಬಿಗಿದುಬಿಟ್ಟರು. ಅದರ ಫಲ ಮುಂದೆ ಬರುತ್ತದೆ.

ಇನ್ನು ಉಳಿದದ್ದು ಹೊಳಪು ಕೊಡುವ ಕೆಲಸ. 80, 120, 180ರ ಮರಳು ಕಾಗದಗಳಿಂದ ಮರದ ಎಳೆಯ ಉದ್ದಕ್ಕೆ ಉಜ್ಜಿದ್ದು ಅಜ್ಜ ಮತ್ತು ಮೊಮ್ಮಗ. ಎಳೆಗೆ ಅಡ್ಡ ಉಜ್ಜಿದರೆ ಗೀರುಗಳು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತವೆ. ಎರಡನೆಯ ದಿನದ ಕೆಲಸ ಮುಗಿಸುವಾಗಲೇ ಬಡಗಿ, 'ಚಪಡಾ ಪಾಲಿಶ್ ಹೊಡದಬಿಡೂಣ್ರಿ. ಇನ್ನೂರ ರೂಪಾಯಿ ಮಾಲು, ಸಂಜಿ ಅನ್ನೂದ್ರಾಗ ಒಣಗತೈತಿ' ಎಂದಿದ್ದನು. ಚಪಡಾ ಎಂದರೆ ಅರಗು. ಪಾಂಡವರ ಅರಗಿನ ಮನೆಯ ಕಥೆಯಿಂದ ಅದರ ಹೆಸರು ಎಲ್ಲರಿಗೂ ಪರಿಚಿತ. ಅದು ಹುಟ್ಟುವ ಬಗೆ ಎಲ್ಲರಿಗೂ ಪರಿಚಿತವಲ್ಲ. ಮುತ್ತುಗ, ಬೋರೆ, ಕುಸುಮ ಮೊದಲಾದ ಮರಗಳ ಎಳೆಯ ರೆಂಬೆಗಳಲ್ಲಿ ಗುಂಪುಗುಂಪಾಗಿ ನೆಲೆಸುವ ಸೂಕ್ಷ್ಮ ಕೀಟಗಳು ತಮ್ಮ ಸುತ್ತ ಸುರಿಸಿಕೊಂಡ ರಾಳವೇ ಅರಗು. ರೆಂಬೆಗಳನ್ನು ಕೆರೆದು ಆ ಗೂಡನ್ನು ತೆಗೆಯುವಾಗ, ಪುಡಿ ಮಾಡಿ ಕರಗಿಸುವಾಗ ಅದರೊಳಗಿನ ಅಸಂಖ್ಯ ಜೀವಗಳೂ ಹೋಗುತ್ತವೆ. ಹದಿನೈದು ಖರಕರ್ಮಗಳನ್ನು ಎಣಿಸುವ ಶ್ರಾವಕಾಚಾರ ಗ್ರಂಥಗಳು ಲಾಕ್ಷಾವಾಣಿಜ್ಯವನ್ನು ಗೃಹಸ್ಥನು ಬಿಡಬೇಕಾದ ವೃತ್ತಿಗಳಲ್ಲಿ ಸೇರಿಸಿರುವುದು ಈ ಕಾರಣದಿಂದ.

ಹಿರಿಯರು ಅರಗನ್ನು ಬೇಡವೆಂದು ಅಗಸೆ ಎಣ್ಣೆಯನ್ನು ಆರಿಸಿದರು. ಅಗಸೆಯ ಚಟ್ನಿಪುಡಿಯನ್ನು ದಿನವೂ ಉಣ್ಣುವ ನಾಡಿನವರಿಗೆ ಅದು ಹೊಸದಲ್ಲ. ಆದರೆ ಮರಕ್ಕೆ ಬೇಕಾದದ್ದು ಬಣ್ಣದ ಅಂಗಡಿಯಲ್ಲಿ ದೊರೆಯುವ ಕಾಯಿಸಿದ ಎಣ್ಣೆ. ಒಣಗುವ ಔಷಧ ಬೆರೆತಿರುವುದರಿಂದ ಅದನ್ನು ಅಡುಗೆಗೆ ಬಳಸಲಾಗದು. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆಗಳು ಗಾಳಿಗೆ ಗಟ್ಟಿಯಾಗುವುದಿಲ್ಲ, ಮರದ ಮೇಲೆ ಜಿಗುಟಾಗಿ ಉಳಿಯುತ್ತವೆ. ಅಗಸೆ ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುತ್ತದೆ.

ಎಣ್ಣೆಯನ್ನು ಆರಿಸಿದ ಮಾತ್ರಕ್ಕೆ ತಾವು ನಿರ್ದೋಷಿಗಳಾದೆವೆಂದು ಹಿರಿಯರು ಭಾವಿಸಲಿಲ್ಲ. ಅದೇ ಹದಿನೈದರ ಪಟ್ಟಿಯಲ್ಲಿ ಗಾಣ ಮೊದಲಾದ ಯಂತ್ರಗಳಿಂದ ಹಿಂಡುವ ಯಂತ್ರಪೀಡನವೂ ಇದೆ. ಅರಗಿನ ಕಸುಬಿನಿಂದಲೇ ಬದುಕುವ ಅರಣ್ಯವಾಸಿ ಕುಟುಂಬಗಳು ಜಾರ್ಖಂಡ ಮೊದಲಾದ ಕಡೆ ಬಹಳವಿವೆ ಎಂಬುದನ್ನೂ ಅವರು ಬಲ್ಲರು. ಮನೆ ಮಾಡಿಕೊಂಡವನಿಗೆ ಹಿಂಸೆ ಸೋಂಕದ ಮೇಜು ದೊರೆಯುವುದಿಲ್ಲ. ಕಡಿಮೆ ಹಿಂಸೆಯ ಮೇಜು ದೊರೆಯುತ್ತದೆ. ಅಲ್ಪಾರಂಭವೆಂಬ ಮಾತಿನ ತೂಕ ಇರುವುದು 'ಅಲ್ಪ' ಎಂಬಲ್ಲಿ.

ಅಷ್ಟರಲ್ಲಿ ಇನ್ನೊಂದು ತೊಡಕು ಕಂಡಿತು. ಅರಗು ಸಂಜೆಯೊಳಗೆ ಒಣಗುತ್ತದೆ. ಎಣ್ಣೆಯಾದರೆ ಮೂರು ಬಾರಿ ಹಚ್ಚಬೇಕು. ಮಳೆಗಾಲದ ತೇವದಲ್ಲಿ ಪ್ರತಿ ಬಾರಿಗೂ ಮೂರು ದಿನ, ಒಟ್ಟು ಒಂಬತ್ತು ದಿನ. ವ್ರತ ಹಿರಿಯರದು, ಕುತ್ತಿಗೆ ಸೊಸೆಯದು. ತಮ್ಮ ಅಹಿಂಸೆಯ ಖರ್ಚನ್ನು ಮತ್ತೆ ಅವಳ ಖಾತೆಗೇ ಬರೆಯುತ್ತಿದ್ದೇವೆಯೇ ಎಂಬ ಪ್ರಶ್ನೆ ಎದುರಾಯಿತು. ಇದು ಮೂರನೆಯ ಬಾರಿ, ಮತ್ತು ಮೂರರಲ್ಲಿ ಕಠಿಣವಾದದ್ದು. ಈ ಬಾರಿ ಅವರು ತಾವೇ ತೀರ್ಮಾನಿಸಲಿಲ್ಲ. ಸೊಸೆಯನ್ನು ಕರೆದು ಎರಡೂ ಬಗೆಯನ್ನು, ಎರಡರ ದಿನಗಳನ್ನು ತಿಳಿಸಿ, 'ನಿನಗ ಹೆಂಗ ಬೇಕ ಹೇಳು ತಂಗಿ. ನೀ ಹೇಳಿದಂಗ' ಎಂದರು.

ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಮೂರ ತಿಂಗಳ ತಡದೇನ್ರಿ ಮಾವಾರ, ಒಂಬತ್ತ ದಿನ ಏನ ದೊಡ್ಡದಲ್ಲ. ಎಣ್ಣೀನ ಇರಲಿ' ಎಂದರು. ತುಸು ತಡೆದು, 'ಮಾರ್ಚನ್ಯಾಗ ಹಿಂಗ ಕೇಳಿದ್ರ ಆಗಲೇ ಹೇಳ್ತಿದ್ನಿ' ಎಂದೂ ಸೇರಿಸಿದರು. ಹಿರಿಯರಿಗೆ ಉತ್ತರ ಹೊಳೆಯಲಿಲ್ಲ. ಲ್ಯಾಪ್‌ಟಾಪಿನ ಪೀಠಕ್ಕೆ ಮಾತ್ರ ಎಣ್ಣೆ ಹಚ್ಚದೆ ಆ ದಿನವೇ ಕೊಟ್ಟು, ಅಡುಗೆಮನೆಯ ಕಟ್ಟೆಯ ಪಕ್ಕದ ಚಿಕ್ಕ ಟೇಬಲ್ಲನ್ನು ಪಡಸಾಲೆಗೆ ತಂದು, ಒಂಬತ್ತು ದಿನಗಳ ಮಟ್ಟಿಗೆ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವ ವ್ಯವಸ್ಥೆ ಮಾಡಿದರು. ಮಾರ್ಚ್‌ನಲ್ಲಿಯೇ ಇಷ್ಟಾದರೂ ಮಾಡಬಹುದಾಗಿತ್ತೆಂಬುದು ಆಗ ಎಲ್ಲರಿಗೂ ಕಂಡಿತು.

ಮೊದಲ ಸಲ ಎಣ್ಣೆಗೆ ಸಮನಾಗಿ ಟರ್ಪಂಟೈನ್ ಬೆರೆಸಿ, ಮುಂದಿನ ಎರಡು ಸಲ ಬರಿಯ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಇಪ್ಪತ್ತು ನಿಮಿಷದ ಮೇಲೆ ಹೀರದೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಒರೆಸಿದರು. ಒರೆಸದೆ ಬಿಟ್ಟ ಎಣ್ಣೆ ವಾರಗಟ್ಟಲೆ ಅಂಟಂಟಾಗಿರುತ್ತದೆ. ಒರೆಸಿದ ಬಟ್ಟೆಯ ವಿಷಯದಲ್ಲಿ ಓದುಗರು ಎಚ್ಚರದಿಂದಿರಬೇಕು: ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳುವುದುಂಟು. ಆದುದರಿಂದ ಒಂದೊಂದನ್ನೂ ಬಯಲಿನಲ್ಲಿ ಬಿಡಿಸಿ ಹರಡಿ ಒಣಗಿಸಬೇಕು.

ಹತ್ತನೆಯ ದಿನ ಮೇಜು ಪಡಸಾಲೆಯ ಕಿಟಕಿಯ ಬಳಿ ನಿಂತಿತು. ಬೀಗದ ಖಾನೆಯ ಬದಲು ಅಂಗಡಿಯ ಹಳೆಯ ಗಲ್ಲಾಪೆಟ್ಟಿಗೆಯನ್ನು ಬದಿಯಲ್ಲಿ ಇರಿಸಿದರು. ಖಾತೆಯಲ್ಲಿ ಬರೆದ ಖರ್ಚು ಹೀಗಿತ್ತು: ಬಡಗಿಯ ಎರಡು ದಿನದ ಕೂಲಿ 1,600, ಮರದ ಪಟ್ಟಿಗಳು 280, ಅಂಟು 130, ಸ್ಕ್ರೂ ಮತ್ತು ಮೂಲೆಯ ಕಬ್ಬಿಣ 150, ಮರಳು ಕಾಗದ 90, ಅಗಸೆ ಎಣ್ಣೆ 250, ಟರ್ಪಂಟೈನ್ 80, ವಿದ್ಯುತ್ತಿನ ಪ್ಲಗ್ ಬೋರ್ಡು ಮತ್ತು ವೈರು 350. ಒಟ್ಟು 2,930 ರೂಪಾಯಿ. ಉಳಿದದ್ದು 70 ರೂಪಾಯಿ. ಈ 70 ರೂಪಾಯಿಯ ಎದುರು ಬೇರೆ ಯಾರ ಹೆಸರನ್ನೂ ಬರೆಯಬೇಕಾಗಿರಲಿಲ್ಲ.

ಮುಂದಿನ ವರ್ಷ ಮಾರ್ಚಿನ ಒಣಹವೆಯಲ್ಲಿ, ಹಿರಿಯರು ದುಂಡು ರಂಧ್ರ ಕೊರೆದು ಬಿಗಿದಿದ್ದ ಮೂರನೆಯ ಪಟ್ಟಿಯ ಮೇಲೆಯೇ ಹಲಗೆ ಒಂದು ಗೇಣಿನಷ್ಟು ಸೀಳಿತು. ಬಡಗಿ ಬಂದು ನೋಡಿ ನಕ್ಕು, ಪಟ್ಟಿಯನ್ನು ಸಡಿಲಿಸಿ, ರಂಧ್ರವನ್ನು ಉದ್ದ ಮಾಡಿಕೊಟ್ಟನು. ಸೀಳನ್ನು ತುಂಬಬೇಕೇ ಎಂದು ಕೇಳಿದಾಗ ಹಿರಿಯರು ಬೇಡವೆಂದರು. ಸೊಸೆಯ ಬೆರಳ ಜೋಮು ಆ ವೇಳೆಗೆ ಬಿಟ್ಟಿತ್ತು. ಕುತ್ತಿಗೆಯ ನೋವು ಪೂರ್ಣವಾಗಿ ಹೋಗಿರಲಿಲ್ಲ. ತಡವಾಗಿ ತೀರಿಸಿದ ಸಾಲಕ್ಕೆ ಬಡ್ಡಿ ಉಳಿಯುವುದುಂಟು.

ಮಿತವ್ಯಯವು ಗೃಹಸ್ಥನಿಗೆ ಭೂಷಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಡಿಮೆ ಹಣ ಕೊಡುವುದೇ ಮಿತವ್ಯಯವಲ್ಲ. ತನ್ನ ಖರ್ಚನ್ನು ಇನ್ನೊಬ್ಬರ ಮೇಲೆ ಹೊರಿಸದೆ ಕಡಿಮೆಯಲ್ಲಿ ಬಾಳುವುದು ಮಿತವ್ಯಯ. ಅಟ್ಟದ ಹಲಗೆಯನ್ನು ಇಳಿಸಿದ್ದು, ಕೈಯಿಂದ ಉಜ್ಜಿದ್ದು, ಖಾನೆಯ ಆಸೆಯನ್ನು ಬಿಟ್ಟದ್ದು ಉಳಿತಾಯ. ಸೊಸೆಯ ಮೌನ, ಬಡಗಿಯ ಹಸಿವು, ಮಾತು ಬಾರದ ಜೀವಗಳ ಪ್ರಾಣ ಇವುಗಳಿಂದ ಬಂದದ್ದು ಉಳಿತಾಯದ ಹೆಸರಿನ ಸಾಲ. ಮನೆಗೆ ಒಂದು ಮೇಜನ್ನು ಮಾಡಿಸುವಾಗಲಾಗಲಿ, ಸಂಸ್ಥೆಯವರು ಪಾಠಶಾಲೆಗೆ ನೂರು ಮೇಜುಗಳನ್ನು ಅತಿ ಕಡಿಮೆ ದರ ಹೇಳಿದವರಿಂದ ಮಾಡಿಸುವಾಗಲಾಗಲಿ, ಉಳಿದ ಹಣವನ್ನು ಜಮೆ ಮಾಡುವ ಮೊದಲು ಅದರ ಎದುರಿನ ಖಾತೆಯಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ನೋಡುವುದು ಲೇಸು. ಹೆಸರು ಕಂಡರೆ, ಅವರನ್ನು ಕರೆದು ಕೇಳುವುದು ಇನ್ನೂ ಲೇಸು.